ಕಣ್ಣು ಮುಚ್ಚಿದವರ ಫೋಟೋ

ವಿಭೂತಿ ಬಳಿಯುತ್ತಿದ್ದಾಗ ಜಂಬಣ್ಣನ ತಲೆ ಮತ್ತೆ ಬಲಕ್ಕೆ ವಾಲಿತು. ಮಗ ಚನ್ನು ಭುಜ ಹಿಡಿದು ಹೆಣವನ್ನು ನೆಟ್ಟಗೆ ಕೂರಿಸಿ, ಗೋಡೆಯ ಗೂಟಕ್ಕೆ ಕಟ್ಟಿದ್ದ ಬಿಳಿ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದ. ಬೆಳಗಿನಿಂದ ಮೂರು ಸಲ ರೆಪ್ಪೆ ಮುಚ್ಚಿಸಿದ್ದರು. ಮೂರು ಸಲವೂ ಅವು ಮೆಲ್ಲಗೆ ಅರ್ಧ ತೆರೆದುಕೊಂಡಿದ್ದವು.

“ಇನ್ನೊಮ್ಮಿ ಮುಚ್ಚಲೇನಬೇ ಯವ್ವಾ?”

“ಬಿಡು” ಎಂದಳು ಕಸ್ತೂರೆಮ್ಮ. “ಇದ್ದಾಗರ ಎಲ್ಲಿ ಮುಚ್ಚಿದ್ರು. ಪೂಜಿಗೆ ಕುಂತ್ರ ಲಿಂಗ ಅಂಗೈಯಾಗ ಇರತಿತ್ತು, ಕಣ್ಣು ಬಾಗಲ ಕಡೆ ಇರತಿದ್ವು.”

ಸಿಂಧನೂರಿನ ಆ ಮನೆಯ ಮುಂದಿನ ಕೋಣೆಯೇ ಜಂಬಣ್ಣನ ಸ್ಟುಡಿಯೋ. ಹೊಟ್ಟೆಪಾಡಿಗೆ ಮದುವೆ, ತೊಟ್ಟಿಲು, ಅರ್ಜಿಗೆ ಅಂಟಿಸುವ ಸಣ್ಣ ಫೋಟೋ. ಮನಸ್ಸಿಗೆ ಬೇಕಾದದ್ದು ಬೇರೆಯೇ ಇತ್ತು. ದೇವರ ಮುಂದೆ ತಮ್ಮನ್ನು ತಾವು ಮರೆತ ಮನುಷ್ಯರ ಮುಖಗಳನ್ನು ಅವನು ಹುಡುಕಿಕೊಂಡು ಹೋಗುತ್ತಿದ್ದ, ಕಪ್ಪು ಬಿಳುಪಿನಲ್ಲಿ ಮಾತ್ರ ತೆಗೆಯುತ್ತಿದ್ದ. ಬಣ್ಣ ಇದ್ದರೆ ಜನ ಸೀರೆ ನೋಡುತ್ತಾರೆ, ಮುಖ ನೋಡುವುದಿಲ್ಲ ಎನ್ನುತ್ತಿದ್ದ. ಮಸ್ಕಿ ಗುಡ್ಡದ ಮಲ್ಲಯ್ಯನ ಹೊಸ್ತಿಲಿಗೆ ಹಣೆ ಹಚ್ಚಿದ ಮುದುಕಿ, ಲಿಂಗಸುಗೂರಿನ ಮಸೀದಿಯಲ್ಲಿ ಅಂಗೈ ಬಿಚ್ಚಿ ಕೂತ ಹುಸೇನ್‌ಸಾಬ್, ಎಲ್ಲರೂ ಇನ್ನೂ ಗೋಡೆಯ ಮೇಲಿದ್ದರು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಅವನು ಅಂಥ ಫೋಟೋ ತೆಗೆಯುವುದನ್ನು ಒಮ್ಮೆಗೇ ನಿಲ್ಲಿಸಿಬಿಟ್ಟಿದ್ದ.

ಫೋಟೋಗಳಿಗೆ ಕಟ್ಟು ಹಾಕಿಕೊಡುತ್ತಿದ್ದ ಗೆಳೆಯ ಹುಸೇನ್‌ಸಾಬ್ ಮೊದಲ ಬಸ್ಸಿಗೇ ಬಂದಿದ್ದ. ತನ್ನದೇ ಹರೆಯದ ಮುಖವನ್ನು ನೋಡುತ್ತ ನಿಂತಿದ್ದ.

“ಇದರಾಗ ನೀ ಏನು ಬೇಡಾಕತ್ತಿದ್ದಿ ಅಂತ ಒಮ್ಮೆ ಕೇಳಿದ್ದ. ನೆನಪಿಲ್ಲಲೇ ಅಂದೆ. ಇಂಥಾ ಕೈ ಇದ್ದಾಂವ ಯಾಕ ಬಿಟ್ಟನೋ, ಖುದಾನ ಬಲ್ಲ.”

ಅಷ್ಟರಲ್ಲಿ ಬಾಗಿಲಿಗೆ ಆಟೋ ಬಂದು ನಿಂತಿತು. ಐವತ್ತರ ಹತ್ತಿರದ ಹೆಂಗಸೊಬ್ಬಳು ಇಳಿದು, ಸೆರಗು ತಲೆಗೆಳೆದುಕೊಂಡು ಅಂಗಳದ ತುದಿಯಲ್ಲೇ ನಿಂತಳು. ಪಕ್ಕದ ಮನೆಯ ರೇಣುಕಮ್ಮ ಕಸ್ತೂರೆಮ್ಮನ ಕಿವಿಯ ಹತ್ತಿರ ಬಾಗಿದಳು.

“ಬಳಗಾನೂರಾಕಿ. ಇವತ್ತೂ ಬಂದಾಳ ನೋಡು.”

ಓಣಿಗೆಲ್ಲ ಗೊತ್ತಿದ್ದ ಮಾತು ಅದು. ವರ್ಷವೂ ಕಾಲುವೆಗೆ ನೀರು ಬಿಟ್ಟ ಮಾರನೆಯ ದಿನ ಜಂಬಣ್ಣ ಒಬ್ಬನೇ ಬಳಗಾನೂರಿನ ಬಸ್ಸು ಹತ್ತುತ್ತಿದ್ದ. ಜೋಗಮ್ಮ ಎಂಬ ಒಂಟಿ ಹೆಂಗಸಿನ ಅಂಗಳದಲ್ಲಿ ಅವನನ್ನು ನೋಡಿದವರಿದ್ದರು. ಕಸ್ತೂರೆಮ್ಮ ಒಮ್ಮೆ ಮಾತ್ರ ಕೇಳಿದ್ದಳು. “ಕೆಲಸ ಐತಿ” ಎಂದಿದ್ದ. ಆಮೇಲೆ ಆಕೆ ಕೇಳಲಿಲ್ಲ. ಆ ದಿನ ಅವನಿಗೆ ತಾಟು ಹಾಕುತ್ತಿರಲಿಲ್ಲ. ಅವನೂ ಊಟ ಕೇಳುತ್ತಿರಲಿಲ್ಲ.

ಕಸ್ತೂರೆಮ್ಮ ಎದ್ದಳು. ಹೆಂಗಸರೆಲ್ಲ ನೋಡುತ್ತಿರುವಂತೆಯೇ ಜೋಗಮ್ಮನ ಮುಂಗೈ ಹಿಡಿದು ಹಿಂದಿನ ಕೋಣೆಗೆ ಕರೆದೊಯ್ದಳು. ಜಂಬಣ್ಣ ರೀಲು ತೊಳೆಯುತ್ತಿದ್ದ ಕತ್ತಲೆ ಕೋಣೆ ಅದು. ಈಗ ಅಕ್ಕಿ ಚೀಲ ಪೇರಿಸಿದ್ದರು.

“ನನ್ನ ಗಂಡಗೂ ನಿನಗೂ ಏನಿತ್ತು? ಹೆಣ ಎದ್ದು ಹೋಗೂದರಾಗ ಹೇಳಿಬಿಡು.”

ಜೋಗಮ್ಮ ಕುಪ್ಪಸದೊಳಗಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಒಂದು ಫೋಟೋ ತೆಗೆದು ಆಕೆಯ ಕೈಗಿಟ್ಟಳು.

“ಇದಿತ್ರಿ ಅಕ್ಕಾ. ಇದೊಂದ.”

*

ಇಪ್ಪತ್ತನಾಲ್ಕು ವರ್ಷಗಳ ಹಿಂದೆ, ಆ ಸಲ ಕಾಲುವೆಗೆ ನೀರು ತಡವಾಗಿ ಬಂದಿತ್ತು. ನೀರು ಬಿಟ್ಟ ಮಾರನೆಯ ದಿನ ಬಳಗಾನೂರಿನ ಹೆಂಗಸರು ಅರಿಷಿಣ ಕುಂಕುಮ, ಹಸಿರು ಬಳೆ ಹಿಡಿದು ಗಂಗವ್ವನ ಪೂಜೆಗೆ ಮೆಟ್ಟಿಲಿಳಿದಿದ್ದರು. ಜಂಬಣ್ಣ ಪಕ್ಕದ ಕಟ್ಟೆಯ ಮೇಲೆ ಕೂತು ಕ್ಯಾಮೆರಾ ಕಣ್ಣಿಗಿಟ್ಟುಕೊಂಡಿದ್ದ.

ಮೊಣಕಾಲುದ್ದ ನೀರಿನಲ್ಲಿ ಜೋಗಮ್ಮ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಳು. ಇನ್ನೂ ಇಪ್ಪತ್ತೈದು ತುಂಬದ ಮುಖ. ತುಟಿ ಅಲುಗುತ್ತಿತ್ತು, ಹಣೆಯ ಮೇಲೆ ನೀರಿನ ಬೆಳಕು ಆಡುತ್ತಿತ್ತು. ಇಪ್ಪತ್ತು ವರ್ಷ ಗುಡಿ ಮಸೀದಿ ಸುತ್ತಿದರೂ ಅಂಥ ಮುಖ ಅವನಿಗೆ ಸಿಕ್ಕಿರಲಿಲ್ಲ. ಅವಳ ಹಿಂದೆ, ನೆನೆದ ಮೆಟ್ಟಿಲ ಅಂಚಿಗೆ, ಮೂರು ವರ್ಷದ ಮಗಳು ಭಾರತಿ ಬಂದು ನಿಂತಳು. ನೀರಿನಲ್ಲಿ ತೇಲಿ ಹೋಗುತ್ತಿದ್ದ ಹೂವಿಗೆ ಕೈ ಚಾಚಿದಳು.

ಜಂಬಣ್ಣ ನೋಡಿದ. ಕೂಗಬೇಕು ಅನ್ನಿಸಿತು. ಕೂಗಿದರೆ ಇವಳು ಕಣ್ಣು ತೆರೆಯುತ್ತಾಳೆ ಎಂದೂ ಅನ್ನಿಸಿತು. ಗುಂಡಿ ಒತ್ತಿದ.

ಕ್ಯಾಮೆರಾ ಇಳಿಸಿದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಮೊದಲು ಹಾರಿದವನು ಅವನೇ. ಆಮೇಲೆ ಊರಿನ ಗಂಡಸರು ಹಾರಿದರು. ಹೊಸ ನೀರಿನ ಸೆಳೆತಕ್ಕೆ ಯಾರ ಕೈಗೂ ಏನೂ ಸಿಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ತೂಬಿನ ಹತ್ತಿರ ಕೂಸು ಸಿಕ್ಕಿತು.

*

“ಕಣ್ಣು ಮುಚ್ಚಿ ಕೂಸು ಕಳಕೊಂಡಾಕಿ ಅಂದ್ರು ನನಗ” ಎಂದಳು ಜೋಗಮ್ಮ. “ಅತ್ತಿ ಅಂದ್ಲು, ಊರವ್ರು ಅಂದ್ರು. ಗಂಡ ಬಿಟ್ಟು ಹ್ವಾದ. ನಾನೂ ಹಂಗ ಅನ್ಕೊಂಡಿದ್ದೆ. ಒಂದು ವರ್ಷಕ್ಕ ನಿಮ್ಮವ್ರು ಬಂದು ಇದನ್ನ ಕೈಯಾಗಿಟ್ರು. ‘ತಪ್ಪು ನಿಂದಲ್ಲ ತಂಗಿ, ನಾ ಕಂಡಿದ್ದೆ, ಕೂಗಲಿಲ್ಲ’ ಅಂದ್ರು.”

ಕಸ್ತೂರೆಮ್ಮ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮುಚ್ಚಿದ ಕಣ್ಣು, ಮುಗಿದ ಕೈ. ಹಿಂದೆ, ಸ್ವಲ್ಪ ಮಸುಕಾಗಿ, ಚಾಚಿದ ಪುಟ್ಟ ಬೆರಳುಗಳು.

“ಊರ ಮುಂದ ಹೇಳತೀನಿ ಅಂದ್ರು. ನಾನ ಬ್ಯಾಡಂದೆ. ಹೇಳಿದ್ರ ಊರವ್ರು ಇದನ್ನ ಕಸಗೊಂಡು ಹರೀತಿದ್ರು. ನನ್ನ ಕೂಸಿಂದು ಬ್ಯಾರೆ ಫೋಟೋ ಇಲ್ರಿ. ನೀರು ಬಿಟ್ಟ ಮರುದಿನ ವರ್ಷಾ ಬಾ ಅಂದೆ. ನಾ ಒಬ್ಬಾಕೀನ ಯಾಕ ನೆನಿಸಬೇಕು? ಬರತಿದ್ರು. ಅಂಗಳದಾಗ ಕುಂದ್ರತಿದ್ರು. ಮಜ್ಜಿಗಿ ಕೊಟ್ರ ಕುಡೀತಿದ್ರು. ಮಾತಿಲ್ಲ ಕತಿ ಇಲ್ಲ.”

“ಮಾಫ್ ಮಾಡಿದ್ಯಾ?”



“ಇವತ್ತ ಮಾಡಿಬಿಡೋಣು ಅಂತ ವರ್ಷಾ ಅನ್ಕೊತಿದ್ದೆ. ಮುಖಾ ನೋಡಿದ ಕೂಡಲೆ ಆಗತಿದ್ದಿಲ್ರಿ.”

ಹೊರಗೆ ಭಜನೆಯವರ ತಾಳ ಶುರುವಾಯಿತು. ಕಸ್ತೂರೆಮ್ಮ ಫೋಟೋವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮೊದಲಿದ್ದಂತೆಯೇ ಸುತ್ತಿ ಹಿಂದಿರುಗಿಸಿದಳು. ಗಂಡನ ಜೊತೆ ಒಂದೇ ಮನೆಯಲ್ಲಿ ಕಳೆದ ಇಷ್ಟೂ ವರ್ಷಗಳಲ್ಲಿ ಆಕೆ ಬೇರೆ ಯಾವುದೋ ಸಿಟ್ಟು ಸಾಕಿದ್ದಳು. ಈಗ ಅದನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ.

“ನನಗರ ಹೇಳಬೇಕಿತ್ತು ಅವರು” ಎಂದಳು. “ಬಾ. ಮಣ್ಣಿಗೆ ನನ್ನ ಜೋಡಿನ ಬಾ.”

ಇಬ್ಬರೂ ಹೊರಗೆ ಬಂದಾಗ ರೇಣುಕಮ್ಮ ಏನೋ ಹೇಳಲು ಬಾಯಿ ತೆರೆದವಳು, ಕಸ್ತೂರೆಮ್ಮನ ಮುಖ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

*

ಸಾಲಗುಂದದ ದಾರಿಯ ಹೊಲದಲ್ಲಿ ಕುಣಿ ತೋಡಿದ್ದರು. ಎರೆಮಣ್ಣು ಸುತ್ತಲೂ ಗುಡ್ಡೆ ಬಿದ್ದಿತ್ತು. ಕೂರಿಸಿದ ದೇಹವನ್ನು ಹಾಗೆಯೇ ಇಳಿಸಿ, ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿಟ್ಟರು. ಬಿಲ್ವಪತ್ರಿ, ವಿಭೂತಿ ಉಂಡೆಗಳು ಮಡಿಲು ತುಂಬಿದವು. ಸ್ವಾಮಿಗಳು ಮಂತ್ರ ಆರಂಭಿಸಿದರು. ಚನ್ನು ಕೈಮುಗಿದ. ಟೋಪಿ ಸರಿಪಡಿಸಿಕೊಂಡು ಹುಸೇನ್‌ಸಾಬ್ ಅಂಗೈ ಬಿಚ್ಚಿದ. ನೆರೆದವರೆಲ್ಲ ಕಣ್ಣು ಮುಚ್ಚಿದರು. ಕಸ್ತೂರೆಮ್ಮನೂ ಮುಚ್ಚಿದಳು. ಮುಚ್ಚಿದ ಕತ್ತಲೆಯಲ್ಲಿ ಚಾಚಿದ ಬೆರಳುಗಳೇ ಕಂಡವು. ತೆರೆದುಬಿಟ್ಟಳು.

ಪಕ್ಕದಲ್ಲಿ ಜೋಗಮ್ಮ ಇರಲಿಲ್ಲ.

ಆಕೆ ಕುಣಿಯ ಆಚೆ ಬದಿಗೆ ಹೋಗಿದ್ದಳು. ಅಲ್ಲಿ ಚನ್ನುವಿನ ನಾಲ್ಕು ವರ್ಷದ ಮಗಳು, ತಾತನನ್ನು ನೋಡಲೆಂದು ದೊಡ್ಡವರ ಕಾಲುಗಳ ನಡುವೆ ನುಸುಳಿಕೊಂಡು ಬಂದು, ಅಂಚಿನ ಸಡಿಲ ಮಣ್ಣಿನ ಮೇಲೆ ಕುಣಿಯೊಳಕ್ಕೆ ಬಗ್ಗಿ ನಿಂತಿದ್ದಳು. ಜೋಗಮ್ಮ ಹಿಂದಿನಿಂದ ಅವಳ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಮಂತ್ರ ಮುಗಿಯಿತು. ಜನ ಬಗ್ಗಿ ಹಿಡಿ ಹಿಡಿ ಮಣ್ಣು ಹಾಕತೊಡಗಿದರು. ಹುಡುಗಿ ಹಿಂತಿರುಗಿ ನೋಡಿ, ಗುರುತಿಲ್ಲದ ಆ ಕೈಯಿಂದ ಅಂಗಿಯನ್ನು ಎಳೆದುಕೊಳ್ಳುತ್ತಿದ್ದಳು. ಮುಷ್ಟಿ ಸಡಿಲಾಗಲಿಲ್ಲ.