ಹಸಿರು ರಸ

"ಊಟದಲ್ಲಿ ಏನಾದ್ರೂ ಬದಲಾಯಿಸಿದ್ರಾ?"

ಡಾಕ್ಟರು ಎರಡನೆಯ ಸಲ ಕೇಳಿದಾಗಲೂ ಅವಳು ಇಲ್ಲವೆಂದು ತಲೆಯಾಡಿಸಿದಳು. ಗಾಜಿನ ಆಚೆ ಗಂಡನ ಎದೆಗೆ ವೈರುಗಳನ್ನು ಅಂಟಿಸುತ್ತಿದ್ದರು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು, ಕಾಲಲ್ಲಿ ಶಕ್ತಿಯೇ ಇಲ್ಲ ಎನ್ನುತ್ತ ಬಚ್ಚಲ ಗೋಡೆ ಹಿಡಿದು ಕುಸಿದಿದ್ದ.

"ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದೆ. ಇವರ ಕಿಡ್ನಿ ಅದನ್ನ ಹೊರಗೆ ಹಾಕಲ್ಲ. ಹೃದಯ ನಿಂತುಬಿಡಬಹುದು," ಎಂದು ಡಾಕ್ಟರು ಒಳಗೆ ಹೋದರು.

ಅವಳು ಸೆರಗಿನಡಿ ಫೋನನ್ನು ಬಿಗಿಹಿಡಿದಳು. ಹೇಳಿದರೆ ಕೈಯಾರೆ ಕೊಂದವಳಾಗುತ್ತೇನೆ. ಹೇಳದಿದ್ದರೆ?

ಪಕ್ಕದಲ್ಲಿ ಬಂದು ಕೂತವರು ಆಸ್ಪತ್ರೆಯ ಆಹಾರತಜ್ಞೆ. ಗಂಡ ಏನು ತಿನ್ನಬಹುದು, ಏನು ಕೂಡದು ಎಂದು ಹಿಂದೆ ಬಿಡಿಸಿ ಹೇಳಿಕೊಟ್ಟವರು ಅವರೇ. ಈಗ ಅವಳ ಹೆಗಲ ಮೇಲೆ ಕೈಯಿಟ್ಟರು. ಇನ್ನು ತಡೆಯಲಾಗದೆ ಅವಳು ಫೋನು ತೆಗೆದು ಮುಂದೆ ಹಿಡಿದಳು. ವಿಡಿಯೊದಲ್ಲಿ ಬಿಳಿ ಕೋಟಿನವನೊಬ್ಬ ಸೊಪ್ಪು, ಟೊಮೆಟೊ, ಬಾಳೆಹಣ್ಣು ರುಬ್ಬುತ್ತಿದ್ದ. ಕುಡಿದರೆ ಕೆಟ್ಟ ಕಿಡ್ನಿ ಹೊಸದಾಗುತ್ತದಂತೆ.

"ದಿನಾ ಕೊಡ್ತಿದ್ದೆ ಮೇಡಂ. ಬೇಡ ಅಂದ್ರೂ ಗದರಿಸಿ ಕುಡಿಸ್ದೆ. ನಮ್ಮಕ್ಕ ಕಳ್ಸಿದ್ಲು. ಲಕ್ಷಗಟ್ಟಲೆ ಜನ ನೋಡಿದಾರೆ, ಸುಳ್ಳಿರುತ್ತಾ?"

ಆಹಾರತಜ್ಞೆ ತಟ್ಟನೆ ಎದ್ದು ಒಳಗೆ ಹೋಗಿ ಡಾಕ್ಟರಿಗೆ ತಿಳಿಸಿ ಬಂದರು. ಬೈಯಲಿಲ್ಲ. ಫೋನನ್ನು ಇಬ್ಬರ ನಡುವೆ ಹಿಡಿದರು.

"ಈ ಸೊಪ್ಪು, ಹಣ್ಣಲ್ಲೇ ಪೊಟ್ಯಾಸಿಯಂ ಜಾಸ್ತಿ ಇರೋದು. ಈ ವಿಡಿಯೊದವರು ಏನು ಓದಿದಾರೆ, ಎಲ್ಲಿ ಕೆಲಸ ಮಾಡ್ತಾರೆ, ಎಲ್ಲಾದ್ರೂ ಹಾಕಿದಾರಾ? ನೀವೇ ಹುಡುಕಿ."

ಅವಳು ಹುಡುಕಿದಳು. ಎಲ್ಲೂ ಇರಲಿಲ್ಲ. ಇನ್ನೂ ಕೆಳಗಿಳಿದಾಗ ಬೆಲೆ ಬರೆದ ಹಸಿರು ಡಬ್ಬಿಯೊಂದರ ಚಿತ್ರ ಕಾಣಿಸಿತು.

"ಪುಡಿ ಮಾರ್ತಿದಾನೆ," ಎಂದಳು ಮೆಲ್ಲಗೆ.

"ಹೂಂ. ಇನ್ನೊಂದು ಕೇಳ್ತೀನಿ. ನಿಮ್ಮ ಯಜಮಾನ್ರ ರಕ್ತದ ರಿಪೋರ್ಟು ಇವನು ನೋಡಿದಾನಾ?"

ಅವಳು ಮುಖ ಮುಚ್ಚಿಕೊಂಡಳು. "ಅವರು ಉಳೀತಾರಾ ಮೇಡಂ?"

"ಔಷಧಿ ಕೊಡ್ತಿದಾರೆ, ಡಯಾಲಿಸಿಸ್‌ಗೂ ತಯಾರಿ ನಡೀತಿದೆ. ಈಗಲೇ ಏನೂ ಹೇಳೋಕಾಗಲ್ಲಮ್ಮ. ನೀವು ಬಾಯಿಬಿಟ್ಟಿದ್ದು ಒಳ್ಳೇದಾಯ್ತು."

ಸಂಜೆ ಅವಳನ್ನು ಒಳಗೆ ಬಿಟ್ಟರು. ಸದ್ಯಕ್ಕೆ ಗಂಡಾಂತರ ತಪ್ಪಿದೆ ಎಂದಿದ್ದರು. ಆದರೂ ಹೃದಯಬಡಿತ ತೋರಿಸುವ ಪರದೆಯ ಮೇಲಿನ ಗೆರೆ ಕುಣಿದಾಗಲೆಲ್ಲ ಅವಳು ಬಾಗಿ ಅವನ ಉಸಿರು ನೋಡುತ್ತಿದ್ದಳು. ಗಂಡ ಕಣ್ಣು ಬಿಟ್ಟ.

"ಅಂತೂ ಇವತ್ತು ಆ ಹುಲ್ಲುನೀರು ತಪ್ತು," ಎಂದ. ಅವಳಿಗೆ ನಗು ಬರಲಿಲ್ಲ.

"ಬಾಯಿ ಒಣಗ್ತಿದೆ. ಒಂಚೂರು ನೀರು ಕೊಡೇ."

ಲೋಟಕ್ಕೆ ನೀರು ಬಗ್ಗಿಸಿ ಅವನ ತುಟಿಯವರೆಗೆ ತಂದವಳು ಅಲ್ಲೇ ತಡೆದಳು. ಬರೀ ನೀರು. ಆದರೂ ಕೈ ಮುಂದೆ ಹೋಗಲಿಲ್ಲ.

"ಒಂದು ನಿಮಿಷ ಇರಿ, ಕೇಳ್ಕೊಂಡು ಬರ್ತೀನಿ," ಎಂದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದ ಹಾಗೆ, ನರ್ಸಿದ್ದ ಕಡೆಗೆ ನಡೆದಳು.