ಜಲಪಾತವಿಲ್ಲದ ಚಿತ್ರ

ಟಿಕ್ ಎಂದಿತು. ರಾತ್ರಿ ಹನ್ನೆರಡೂವರೆಗೆ ಆ ಮನೆಯಲ್ಲಿ ಹಾಗೆ ಸದ್ದು ಮಾಡುವ ವಸ್ತು ಒಂದೇ, ಅವಳ ಕ್ಯಾಮೆರಾ.

ಅವಳ ಕಣ್ಣಿಗೆ ಹೇಗೂ ನಿದ್ದೆ ಹತ್ತಿರಲಿಲ್ಲ. ಅವಳು ತೆಗೆದಿದ್ದ, ಗ್ರಂಥಾಲಯದಿಂದ ನಿವೃತ್ತಿಯಾಗಲಿದ್ದ ಮುಖ್ಯಸ್ಥೆಯ ಚಿತ್ರ ಎರಡು ಸಲ ವಾಪಸು ಬಂದಿತ್ತು. ಗ್ರಂಥಾಲಯದ ಗೋಡೆಯಲ್ಲಿ ಹಿಂದಿನ ಹನ್ನೊಂದು ಮಂದಿ ಮುಖ್ಯಸ್ಥರ ಸಾಲಿನಲ್ಲಿ ತೂಗಬೇಕಾದ ಚಿತ್ರ ಅದು. ಮೊದಲ ಸಲ ಆಕೆ, "ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗಿದ್ದೀನಿ" ಎಂದಿದ್ದರು. ಎರಡನೆಯ ಸಲ, "ಈಗ ತಪ್ಪೊಪ್ಪಿಕೊಂಡ ಹಾಗಿದ್ದೀನಿ. ಜೊತೆಗೆ ನೆತ್ತಿಯಿಂದ ನೀರು ಬೇರೆ ಸುರೀತಿದೆ." ಅವಳ ಸ್ಟುಡಿಯೋದ ಹಿನ್ನೆಲೆ ಪರದೆಯ ಮೇಲೆ ಜಲಪಾತದ ಚಿತ್ರವಿತ್ತು. ನಾಳೆ ಮೂರನೆಯ ಸಲ. ಅದೂ ಕೆಟ್ಟರೆ ಕೆಲಸ ಎದುರು ಸಾಲಿನ ಸ್ಟುಡಿಯೋಗೆ ಹೋಗುತ್ತಿತ್ತು, ಅದರ ಬೆನ್ನಿಗೇ ಉಳಿದ ಗಿರಾಕಿಗಳೂ.

ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಬಾಗಿಲ ಸಂದಿಯಿಂದ ಇಣುಕಿದಳು. ಒಳಗೆ ಅತ್ತೆ! "ನನ್ನ ಮೂತಿ ಫೋಟೋಕ್ಕೆ ಆಗಲ್ಲ" ಎಂದು ಒಂಬತ್ತು ವರ್ಷ ತಪ್ಪಿಸಿಕೊಂಡವರು ಜಲಪಾತವನ್ನು ಸುತ್ತಿ ಮೂಲೆಗೆ ನಿಲ್ಲಿಸಿ, ಕುರ್ಚಿಯನ್ನು ಗೋಡೆಯಿಂದ ಆರು ಹೆಜ್ಜೆ ಮುಂದಕ್ಕೆ ಎಳೆದುಕೊಂಡು ಕೂತಿದ್ದರು. ಹಿಂದೆ ಬರಿಯ ಬೂದು ಗೋಡೆ. ಕ್ಯಾಮೆರಾ ತಾನಾಗಿಯೇ ಹತ್ತು ಎಣಿಸಿ ಚಿತ್ರ ತೆಗೆಯುವಂತೆ ಇಟ್ಟಿದ್ದರು. ಅಷ್ಟು ಹೊತ್ತೂ ಅದರ ಜೊತೆ ಹರಟೆ.

"ಸೊಸೆ ಒಳ್ಳೆಯವಳೇ. ಆದ್ರೆ ಗಲ್ಲ ಇಳಿಸಿ, ಭುಜ ತಿರುಗಿಸಿ, ಉಸಿರು ಬಿಡಬೇಡಿ ಅಂತಾಳೆ. ಫೋಟೋ ತೆಗೀತಾಳೋ, ಶವಪೆಟ್ಟಿಗೆಗೆ ಅಳತೆ ತಗೋತಾಳೋ!"

ಟಿಕ್.

ಅವಳಿಗೆ ಮೈಯೆಲ್ಲ ಉರಿಯಿತು. ಅತ್ತೆ ಮಲಗಿದ ಮೇಲೆ ಕ್ಯಾಮೆರಾ ತೆರೆದು ನೋಡಿದಳು. ಇಪ್ಪತ್ತಮೂರು ಚಿತ್ರ. ಎಲ್ಲದರಲ್ಲೂ ತುಂಟಿಯೊಬ್ಬಳು ಕಣ್ಣರಳಿಸಿ ಕೂತಿದ್ದಳು. ಇಂಥವಳೊಬ್ಬಳು ಈ ಮನೆಯಲ್ಲಿರುವುದು ಸೊಸೆಗೆ ಗೊತ್ತಿರಲಿಲ್ಲ. ಉರಿ ಇಳಿಯಿತು, ನಿದ್ದೆ ಮಾತ್ರ ಬರಲಿಲ್ಲ.

ಬೆಳಿಗ್ಗೆ ಜಲಪಾತವನ್ನು ಬಿಟ್ಟು ಗ್ರಂಥಾಲಯಕ್ಕೆ ಹೋದಳು. ಕಪಾಟಿನಿಂದ ಆರು ಹೆಜ್ಜೆ ಎಣಿಸಿ ಕುರ್ಚಿ ಹಾಕಿದಳು. ಹಿಂದಿನ ಪುಸ್ತಕಗಳೆಲ್ಲ ಮಸುಕಾಗಿ ಕರಗಿದವು. ಗಲ್ಲದ ಸುದ್ದಿ ಎತ್ತಲಿಲ್ಲ.

"ಮೇಡಂ, ಇಷ್ಟು ವರ್ಷದಲ್ಲಿ ನಿಮ್ಮ ತಲೆ ತಿಂದವರು ಯಾರು?"

ಮುಖ್ಯಸ್ಥೆ ಅತ್ತಿತ್ತ ನೋಡಿದರು. "ಎಲ್ಲೂ ಹೇಳಲ್ಲ ತಾನೆ?"

"ಇಲ್ಲ."

"ಒಬ್ಬ ಮೇಷ್ಟ್ರು. ಪತ್ತೇದಾರಿ ಕಾದಂಬರಿ ಓದಿ, ಮೊದಲ ಪುಟದಲ್ಲೇ ಕೊಲೆಗಾರನ ಹೆಸರು ಬರೆದು ವಾಪಸ್ ಕೊಡೋರು. ಹನ್ನೆರಡು ವರ್ಷ! ಕೊನೆಗೆ ನಾನೇನು ಮಾಡಿದೆ ಗೊತ್ತಾ? ಅವರಿಗೆ ಕೊಡೋ ಪುಸ್ತಕದಲ್ಲಿ ನಾನೇ ಮೊದಲು ಬರೆದಿಟ್ಟೆ. ತಪ್ಪು ಹೆಸರು."

ಟಿಕ್.

ಚಿತ್ರವನ್ನು ಮುಖ್ಯಸ್ಥೆ ಬಹಳ ಹೊತ್ತು ನೋಡಿದರು. "ಇದು ನಾನೇ," ಎಂದರು. "ಗೋಡೆಗೆ ಹಾಕಿ."

ಸಂಜೆ ಅತ್ತೆ ಬಟ್ಟೆ ಮಡಚುತ್ತಿದ್ದರು. "ಒಪ್ಪಿದ್ರೇನೇ?"

"ಒಪ್ಪಿದ್ರು ಅತ್ತೆ."

"ಏನು ಮಾಡಿದೆ?"

"ಮಾತಾಡಿಸಿದೆ. ಗೋಡೆಯಿಂದ ದೂರ ಕೂರಿಸಿದೆ."

ಅತ್ತೆಯ ಕೈ ಟವೆಲಿನ ಮೇಲೆ ನಿಂತಿತು. "ಯಾರು ಹೇಳಿಕೊಟ್ರು?"

ಅತ್ತೆಯ ಮುಖ ಆಗಲೇ ಬಿಗಿಯಾಗತೊಡಗಿತ್ತು. ಥೇಟ್ ಅವಳ ಗಿರಾಕಿಗಳ ಮುಖದ ಹಾಗೆ. ನಿನ್ನೆ ರಾತ್ರಿ ನೋಡಿದೆ ಎಂದರೆ ಆ ತುಂಟಿ ಮತ್ತೆ ಆ ಕುರ್ಚಿಯಲ್ಲಿ ಕೂರುವುದಿಲ್ಲ.

"ಯಾರೂ ಇಲ್ಲ. ಹಾಗೇ ಹೊಳೀತು."

ಟವೆಲು ಮಡಿಕೆಯಾಯಿತು.

ಮಲಗುವ ಮೊದಲು ಅವಳು ಕ್ಯಾಮೆರಾದ ಬ್ಯಾಟರಿ ತುಂಬಿಸಿ ಸ್ಟ್ಯಾಂಡಿಗೆ ಸಿಕ್ಕಿಸಿದಳು. ಹನ್ನೆರಡೂವರೆಗೆ ಟಿಕ್ ಎಂದಾಗ ಗಂಡ ಎಚ್ಚರಗೊಂಡ. "ಏನೇ ಅದು?"

ಇವನಿಗಾದರೂ ಹೇಳಲೇ ಎಂದು ಒಂದು ಗಳಿಗೆ ಯೋಚಿಸಿದಳು. ಅಮ್ಮನ ಮಗ. ಬೆಳಗಾಗುವಷ್ಟರಲ್ಲಿ ಮನೆಯೆಲ್ಲ ಡಂಗುರ. ಬೇಡ, ಯಾರಿಗೂ ಬೇಡ.

"ಹಲ್ಲಿ," ಎಂದಳು. "ಮಲಗಿ."