ಅಕ್ಕನಿಗಾಗಿ ತಗ್ಗಿಸಿದ ನೆಲ

ಹೊಲಿಗೆಯವಳ ಮನೆಯ ಹಿಂದೆ ಹೊಸ ಕೋಣೆ ಏಳುತ್ತಿತ್ತು. ಒಂಟಿ ಹೆಂಗಸಿಗೆ ಇನ್ನೊಂದು ಕೋಣೆ ಯಾಕೆ ಎಂದು ಬೀದಿಯವರು ಕೇಳಿದರೆ, “ನಮ್ಮಕ್ಕ ಬರ್ತಾಳೆ” ಎನ್ನುತ್ತಿದ್ದಳು. ಅಕ್ಕ ಇನ್ನೂ ಹೂಂ ಅಂದಿರಲಿಲ್ಲ. ಹೇಳುತ್ತ ಹೇಳುತ್ತ ಅದು ಇವಳಿಗೇ ನಿಜವಾಗಿಬಿಟ್ಟಿತ್ತು.

ಬಿದ್ದು ಸೊಂಟ ಮುರಿದ ಮೇಲೆ ಅಕ್ಕನ ಬಲಗಾಲು ಎಳೆಯುತ್ತಿತ್ತು. ಬೆರಳೆತ್ತರದ ಹೊಸಿಲೂ ಅವಳಿಗೆ ಬೆಟ್ಟ. ಅದಕ್ಕೇ ಕೋಣೆಯ ಒಂದು ಮೂಲೆಯಲ್ಲಿ ಹೊಸಿಲಿಲ್ಲದ ಸ್ನಾನದ ಜಾಗ. ಅಲ್ಲಿ ಕಾಂಕ್ರೀಟನ್ನು ಒಂದು ಗೇಣು ತಗ್ಗಿಸಿದರೆ ಪೈಪು, ಟೈಲ್ಸು ಎಲ್ಲ ಅದರೊಳಗೆ ಅಡಗಿ ಮೇಲೆ ನೆಲ ಸಮನಾಗುತ್ತದೆ. ಗುಂಡಿ ಅಗೆದಾಗಿತ್ತು.

ಕಾಂಕ್ರೀಟು ಸುರಿಯುವ ದಿನ ಬೆಳಿಗ್ಗೆ ಅಕ್ಕ ಫೋನು ಮಾಡಿ, ತಾನು ಬರುವುದಿಲ್ಲ ಎಂದಳು.

ಮೇಸ್ತ್ರಿ ಕಂಬಿಗಳ ಮೇಲೆ ಕುಕ್ಕರಗಾಲಲ್ಲಿ ಕೂತು ತಂತಿ ತಿರುಚುತ್ತಿದ್ದ. ಹೊಲಿಗೆಯವಳು ಸುದ್ದಿ ಹೇಳಿದಳು.

“ಹಾಗಾದ್ರೆ ಗುಂಡಿಗೆ ಮಣ್ಣು ತುಂಬಿ, ಕುಟ್ಟಿ, ಒಂದೇ ಮಟ್ಟಕ್ಕೆ ಹಾಕ್ಬಿಡೋಣಮ್ಮ. ತಗ್ಗು ಅಂದ್ರೆ ತಲೆನೋವು. ಈ ಒಳಮೂಲೆ ನೋಡಿ. ಕಾಂಕ್ರೀಟು ಒಣಗ್ತಾ ಕುಗ್ಗುತ್ತೆ, ಎರಡು ಕಡೆಯ ಎಳೆತ ಬಂದು ಇಲ್ಲೇ ಸೇರುತ್ತೆ. ಬಿರುಕು ಇಲ್ಲಿಂದಾನೇ ಓರೆಯಾಗಿ ಹೊರಡೋದು.”

“ಅದಕ್ಕೇನೂ ಮದ್ದಿಲ್ವಾ?”

“ಇದೆ. ಮೂಲೆಗೆ ಅಡ್ಡಲಾಗಿ ಓರೆ ಕಂಬಿ ಕಟ್ತೀನಿ. ಬಿರುಕೇ ಬರಲ್ಲ ಅಂತ ಆಣೆ ಇಡಲ್ಲ. ಬಂದ್ರೂ ಕೂದಲೆಳೆಯಷ್ಟಕ್ಕೆ ನಿಲ್ಲುತ್ತೆ, ಬಾಯಿ ಬಿಡಲ್ಲ.”

“ನಮ್ಮಕ್ಕನ ಬಾಯಿಗೂ ಒಂದು ಕಟ್ಟಿ ಹಾಗಾದ್ರೆ.”

ಮೇಸ್ತ್ರಿ ನಕ್ಕ. “ಲಾರಿ ಬರೋದ್ರೊಳಗೆ ಹೇಳಿ. ಸುರಿದ ಮೇಲೆ ನನ್ನ ಕೈಲೂ ಏನೂ ಮಾಡೋಕಾಗಲ್ಲ.”

ಅವಳು ಒಳಗೆ ಹೋಗಿ ಹೊಲಿಗೆ ಯಂತ್ರದ ಪಕ್ಕ ಕೂತು ಅಕ್ಕನಿಗೆ ಫೋನು ಹಚ್ಚಿದಳು.

“ಮತ್ತೆ ಯಾಕೆ ಮಾಡ್ದೆ ಪುಟ್ಟಿ? ಹೇಳಿದ್ನಲ್ಲ.”

“ಕಾರಣ ಹೇಳಲಿಲ್ಲ.”

“ನಿನ್ನ ಮನೇಲಿ ನಾನೊಂದು ಭಾರ ಆಗ್ತೀನಿ ಕಣೇ.”

“ಭಾರ ಹೊರಲಿ ಅಂತಾನೇ ಅಷ್ಟು ಕಬ್ಬಿಣ ಹಾಕಿಸ್ತಿರೋದು.”

“ನಿನ್ನ ನಾಲಿಗೆ ಮೊದಲಿಂದಲೂ ಕತ್ತರಿ.” ಅಕ್ಕ ದನಿ ತಗ್ಗಿಸಿದಳು. “ಸ್ನಾನಕ್ಕೆ ಇನ್ನೊಬ್ಬರ ಕೈ ಹಿಡಿಯೋದು ನನಗಾಗಲ್ಲ. ನಿನ್ನನ್ನ ಸೊಂಟದ ಮೇಲೆ ಹೊತ್ತು ಸಾಕಿದವಳು ನಾನು.”

“ಮೂಲೆ ಬಿರುಕು ಬಿಡಬಹುದು ಅಂತ ಮೇಸ್ತ್ರಿ ಅಂದ್ರೂ, ಕೈ ಹಿಡಿಯೋದೇ ಬೇಡ ಅಂತಲೇ ನೆಲ ತಗ್ಗಿಸ್ತಿರೋದು, ಅಕ್ಕ.”

ಆ ಕಡೆ ಗೋಡೆ ಗಡಿಯಾರದ ಸದ್ದಷ್ಟೇ ಕೇಳಿಸಿತು. ಅಕ್ಕನ ಮನೆಯಲ್ಲೂ ಮಾತಾಡುವವರು ಇನ್ಯಾರೂ ಇರಲಿಲ್ಲ. ಆಮೇಲೆ ಫೋನು ಕಟ್ಟಾಯಿತು.

ಹೊಲಿಗೆಯವಳು ಕಣ್ಣು ಮುಚ್ಚಿದಳು. ದೇವರೇ, ಅಕ್ಕ ಬರಲಿ ಅಂತ ಕೇಳೋದಿಲ್ಲ. ಬಂದರೆ ಎಡವದಿರಲಿ. ಇಷ್ಟು ಬೇಡಿದ ಮೇಲೆ ಮನಸ್ಸು ತಿಳಿನೀರಾಯಿತು. ಬೀದಿಯಲ್ಲಿ ಲಾರಿಯ ಗುಡುಗು ಕೇಳಿ ಎದ್ದು ಹೊರಗೆ ಬಂದಳು.

“ಓರೆ ಕಂಬಿ ಕಟ್ಟಿ, ಮೇಸ್ತ್ರಿ.”

“ಒಪ್ಪಿದ್ರಾ?”

“ಇಲ್ಲ.”

ಮೇಸ್ತ್ರಿ ಲಾರಿಯವನಿಗೆ ಕೈ ತೋರಿಸಿ ತಡೆದು, ಕಂಬಿಗಳನ್ನು ಮೂಲೆಗೆ ಓರೆಯಾಗಿ ಇಟ್ಟು ಬಿಗಿದ. ಬೂದು ಬಣ್ಣದ ಕಾಂಕ್ರೀಟು ನಿಧಾನವಾಗಿ ಹರಿದು ಎಲ್ಲವನ್ನೂ ಮುಚ್ಚಿತು. ಮೇಸ್ತ್ರಿ ಮಟ್ಟ ನೋಡಿ, ಕೈಕಾಲು ತೊಳೆದುಕೊಂಡು ಹೋದ.

ಆಮೇಲೆ ನೆಲಕ್ಕೆ ನೀರು ಕುಡಿಸುವ ಕೆಲಸ ಅವಳೊಬ್ಬಳದೇ. ಒದ್ದೆ ಗೋಣಿಚೀಲ ಹಾಸುವಳು, ಒಣಗುವ ಮೊದಲೇ ಮತ್ತೆ ತೋಯಿಸುವಳು. ಸುತ್ತಲೂ ಬರೀ ಗೋಡೆ. ಕೊಡ ಇಟ್ಟರೂ ಸದ್ದು ತಿರುಗಿ ಬರುತ್ತಿತ್ತು.

ಒಂದು ಸಂಜೆ ಅಕ್ಕನೇ ಫೋನು ಮಾಡಿದಳು.

“ಮೂಲೆ ಬಿರುಕು ಬಿಟ್ಟಿತಾ?”

“ಇಲ್ಲ.”

“ಸರಿಯಾಗಿ ನೋಡಿದ್ಯಾ?”

ಅವಳು ಗೋಣಿ ಸರಿಸಿ, ಮೊಣಕಾಲೂರಿ, ಒಳಮೂಲೆಯನ್ನು ಬೆರಳಿಂದ ಸವರಿದಳು. “ನೋಡ್ದೆ. ಏನೂ ಇಲ್ಲ.”

“ನಾನು ಬರ್ತೀನಿ ಅಂತ ಹೇಳ್ತಿಲ್ಲ, ತಿಳ್ಕೋ.”

“ತಿಳೀತು.”

“ಆದ್ರೂ ನೀರು ಹಾಕೋದು ಬಿಡ್ಬೇಡ.”

ಅವಳು ಗೋಣಿಯನ್ನು ಮತ್ತೆ ಹೊದಿಸಿ, ಕೊಡ ಎತ್ತಿಕೊಂಡು ನಲ್ಲಿಯ ಕಡೆ ನಡೆದಳು.